ಹದಿನಾಲ್ಕು ನಂಬರ್ ಬೋಲ್ಟು

ಬೇಕಾಗಿದ್ದದ್ದು ನಾಲ್ಕೇ ಬೋಲ್ಟು. ಅದಕ್ಕೆ ಮೂರು ಶನಿವಾರ ಹುಬ್ಬಳ್ಳಿ ತಿರುಗಿದೆ, ದುರ್ಗದ ಬೈಲಿನ ಸುತ್ತಮುತ್ತಲಿಂದ ಹಿಡಿದು ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟ್ ತನಕ.

ಎರಡು ವರ್ಷದಿಂದ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಎರಡು ಸೀಟಿನ ಗಾಡಿಯೊಂದನ್ನು ಕಟ್ಟುತ್ತಿರುವುದು ಇಲ್ಲಿ ಬಹಳ ಜನರಿಗೆ ಗೊತ್ತು. ಪೈಪಿನ ಚಾಸಿ ನನ್ನದು. ಇಂಜಿನ್, ಗೇರ್‌ಬಾಕ್ಸ್, ಸೀಟ್‌ಬೆಲ್ಟ್ ಎಲ್ಲ ಗುಜರಿಗೆ ಹೋಗಿದ್ದ ಮಾರುತಿ 800ರದ್ದು. ರಸ್ತೆಗೆ ಇಳಿಸುವ ಯೋಚನೆ ಇಲ್ಲ, ಕುಂದಗೋಳದ ಕಡೆ ನಮ್ಮ ಹೊಲದಲ್ಲಿ ಓಡಿದರೆ ಸಾಕು. ಆದರೆ ಅದರಲ್ಲಿ ನನ್ನ ಪಕ್ಕ ಕೂಡುವವಳು ನನ್ನ ಮಗಳು. ಹೀಗಾಗಿ ಒಂದೊಂದು ಬೋಲ್ಟೂ ನನಗೆ ಮುಖ್ಯ.

ಗೇರ್‌ಬಾಕ್ಸಿಗೆ ನಾನು ಮಾಡಿದ ಬ್ರಾಕೆಟ್ ದಪ್ಪ, ಮೂಲ ಬೋಲ್ಟು ಗಿಡ್ಡ ಬೀಳುತ್ತವೆ. ಬೇಕಾದದ್ದು 10 ಎಂಎಂ ದಪ್ಪ, 70 ಎಂಎಂ ಉದ್ದ, 1.25 ಪಿಚ್ (ಅಂದರೆ ಒಂದು ಹಲ್ಲಿನಿಂದ ಇನ್ನೊಂದು ಹಲ್ಲಿಗೆ 1.25 ಎಂಎಂ ಅಂತರ), ತಲೆ ಮೇಲೆ 8.8 ಅಂತ ಹೊಡೆದಿರಬೇಕು. ಮೊದಲಿನ ಎಂಟು ಅಂದರೆ ಜಗ್ಗಿದರೆ 800 ಮೆಗಾಪಾಸ್ಕಲ್ (ಚದರ ಎಂಎಂ ಒಂದಕ್ಕೆ ಬೀಳುವ ಬಲದ ಅಳತೆ) ತನಕ ತಾಳುತ್ತದೆ. ಪಾಯಿಂಟ್ ಎಂಟು ಅಂದರೆ ಅದರ 80 ಪರ್ಸೆಂಟ್, ಅಂದರೆ 640ರ ತನಕ ಶಾಶ್ವತವಾಗಿ ಹಿಗ್ಗುವುದಿಲ್ಲ.

ತೊಡಕು ಇರುವುದು ನಾವು ಬೋಲ್ಟು ಕೇಳುವ ರೀತಿಯಲ್ಲಿ. ನಮ್ಮಲ್ಲಿ ಎಲ್ಲರೂ ಪಾನಾದ ನಂಬರ್ ಹೇಳಿ ಬೋಲ್ಟು ಕೇಳುತ್ತೇವೆ. "ಹದಿನಾಲ್ಕು ನಂಬರಿಂದು ಕೊಡ್ರಿ." ಜಪಾನಿ ಗಾಡಿಯಲ್ಲಿ 10 ಎಂಎಂ ಬೋಲ್ಟಿನ ತಲೆಗೆ 14ರ ಪಾನಾ. ಹಳೆಯ ಜರ್ಮನ್ ಲೆಕ್ಕದಲ್ಲಿ ಅದೇ ಬೋಲ್ಟಿಗೆ 17, ಈಗಿನ ಐಎಸ್‌ಒ ಎಂಬ ಅಂತರರಾಷ್ಟ್ರೀಯ ಲೆಕ್ಕದಲ್ಲಿ 16. ಇನ್ನು 17 ಅಂತ ಕೇಳಿದರೆ ಒಬ್ಬ 10 ಎಂಎಂ ಕೊಡುತ್ತಾನೆ, ಇನ್ನೊಬ್ಬ 12 ಕೊಡುತ್ತಾನೆ. ಇಬ್ಬರದೂ ತಪ್ಪಲ್ಲ. ಇದರ ಮೇಲೆ ಸೂತಿನ ಲೆಕ್ಕ ಬೇರೆ. ಇಂಚಿಗೆ ಎಂಟು ಸೂತು, ಮೂರು ಸೂತು ಅಂದರೆ 9.525 ಎಂಎಂ. ಕಣ್ಣಿಗೆ ಹತ್ತರಂತೆಯೇ ಕಾಣುತ್ತದೆ!

ಮೊದಲ ಶನಿವಾರ ಒಂದು ಅಂಗಡಿಯಲ್ಲಿ ಪಿಚ್ ಹೇಳಿಯೇ ಕೇಳಿದೆ. ಡಬ್ಬಿಯಿಂದ ನಾಲ್ಕು ತೆಗೆದು ಕೌಂಟರ್ ಮೇಲಿಟ್ಟರು. "ಇದ ನಡೀತೈತಿ ತಗೋರಿ, ಎಲ್ಲಾರೂ ಇದನ್ನ ಒಯ್ತಾರ." ನಂಬಿ ತಂದೆ. ಬೆರಳಲ್ಲಿ ಎರಡು ಸುತ್ತು ಸಲೀಸಾಗಿ ಹೋಯಿತು. ಮೂರನೆಯ ಸುತ್ತಿಗೆ ಬಿಗಿ ಹತ್ತಿತು. ಹಳೆಯ ಕಸ ಇರಬೇಕು ಅಂದುಕೊಂಡು ಪಾನಾ ಹಾಕಿದೆ. ಅರ್ಧ ಸುತ್ತು ಭಾರವಾಗಿ ತಿರುಗಿ, ಆಮೇಲೆ ಒಮ್ಮೆಲೇ ಹಗುರಾಯಿತು. ಬಿಚ್ಚಿ ನೋಡಿದರೆ ಬೋಲ್ಟಿನ ಹಲ್ಲಿಗೆ ಬೆಳ್ಳಿ ಎಳೆಯಂಥ ಅಲ್ಯೂಮಿನಿಯಂ ಸುರುಳಿ ಸುತ್ತಿಕೊಂಡಿತ್ತು. ಗೇರ್‌ಬಾಕ್ಸಿನ ಥ್ರೆಡ್ಡು ಹೋಗಿತ್ತು. ಅವರು ಕೊಟ್ಟದ್ದು 1.5 ಪಿಚ್ಚಿನ ಬೋಲ್ಟು. ಹತ್ತು ಎಂಎಂ ಒಳಗೆ ಹೋಗಲು 1.25ರ ಬೋಲ್ಟಿಗೆ ಎಂಟು ಸುತ್ತು ಬೇಕು, 1.5ರದಕ್ಕೆ ಏಳೂ ಬೇಡ. ಎರಡು ಸುತ್ತಿನ ತನಕ ಹೊಂದಿಕೊಂಡಂತೆ ಇದ್ದು, ಆಮೇಲೆ ಗಟ್ಟಿ ಉಕ್ಕು ಮೆತ್ತನೆಯ ಅಲ್ಯೂಮಿನಿಯಂ ಅನ್ನು ಕೊರೆಯುತ್ತದೆ. ಲೇತಿನವರ ಹತ್ತಿರ ಒಯ್ದು ತೂತು ದೊಡ್ಡದು ಮಾಡಿಸಿ, ಹೊಸ ಥ್ರೆಡ್ಡಾಗುವ ತಂತಿಯ ಸುರುಳಿ, ಹೆಲಿಕಾಯಿಲ್, ಕೂಡಿಸಿಕೊಂಡು ಬಂದೆ.

ಈ "ನಡೀತೈತಿ" ಎಂಬ ಮಾತಿಗೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಗೇಟಿನ ಬಿಜಾಗರಿಗೆ ನಡೆಯಬಹುದು. ಗಾಡಿಗೆ ನಡೆಯುವುದಿಲ್ಲ. "ಇಲ್ರಿ, ನಮ್ಮಲ್ಲಿ ಇಲ್ಲ" ಅನ್ನುವುದರಲ್ಲಿ ಯಾವ ಅವಮಾನವಿದೆ? ಸ್ಟೇನ್‌ಲೆಸ್ ಸ್ಟೀಲಿನದು ಒಯ್ಯಿರಿ, ಇನ್ನೂ ಗಟ್ಟಿ ಅಂತ ಇನ್ನೊಬ್ಬ ಅಂಗಡಿಯವರು ಹೇಳಿದರು. ಸ್ಟೇನ್‌ಲೆಸ್‌ನಲ್ಲಿ ಎಲ್ಲ ಕಡೆ ಸಿಗುವ ಎ2-70 ಎಂಬ ದರ್ಜೆ ತಾಳುವುದು 700 ಮೆಗಾಪಾಸ್ಕಲ್, 8.8ಕ್ಕಿಂತ ಕಡಿಮೆ. ತುಕ್ಕು ಹಿಡಿಯುವುದಿಲ್ಲ, ಆ ಮಾತು ಬೇರೆ.

ಮೂರನೆಯ ಶನಿವಾರ ಗೋಕುಲ ರೋಡಿನಲ್ಲಿ ಒಬ್ಬ ಹಿರಿಯರು ಸಿಕ್ಕರು. ನಾನು ಬಾಯಿ ತೆರೆಯುವ ಮೊದಲೇ, "ಪಿಚ್ ಎಷ್ಟ್ರಿ? ಹಳೇದು ತಂದೀರೇನು?" ಅಂದರು. ಹಳೆಯ ಬೋಲ್ಟು ಕೊಟ್ಟೆ. ಅಂಗಿ ಕಿಸೆಯಿಂದ ಪಿಚ್ ಗೇಜ್ ತೆಗೆದು ಒಂದೊಂದೇ ಎಲೆ ಹಚ್ಚಿ ನೋಡಿದರು. ಗೇಜ್ ಇಲ್ಲದವರಿಗೂ ಒಂದು ಉಪಾಯ ತೋರಿಸಿದರು. ಎರಡು ಬೋಲ್ಟುಗಳನ್ನು ಹಲ್ಲಿಗೆ ಹಲ್ಲು ಕೂಡಿಸಿ ಬೆಳಕಿಗೆ ಹಿಡಿಯಬೇಕು. ಸಂದಿಯಲ್ಲಿ ಎಲ್ಲೂ ಬೆಳಕು ಕಾಣದಿದ್ದರೆ ಪಿಚ್ ಒಂದೇ. ಆಮೇಲೆ, "ನಾಲ್ಕು ಬರಂಗಿಲ್ರಿ, ಇಪ್ಪತ್ತೈದರ ಡಬ್ಬಿ ತರಸಬೇಕು. ಎಂಟು ದಿನ ಆಕ್ಕೈತಿ" ಅಂದರು. ಆಗಲಿ ಅಂದೆ. ಒಂಬತ್ತನೆಯ ದಿನ ಫೋನ್ ಬಂತು.

ಇದನ್ನು ಬರೆಯಲು ಕಾರಣ, ಧಾರವಾಡ, ಗದಗ, ಹಾವೇರಿ ಕಡೆ ಹಳೆ ಮಾರುತಿ ಇಟ್ಟುಕೊಂಡವರು, ಕಾಲೇಜಿನಲ್ಲಿ ಗಾಡಿ ಕಟ್ಟುವ ಹುಡುಗರು ನನ್ನಂತೆಯೇ ಅಲೆಯುತ್ತಿರುತ್ತಾರೆ. ಡಬ್ಬಿಯಲ್ಲಿ ಇನ್ನೂ 21 ಉಳಿದಿವೆ. 10 ಎಂಎಂ, 1.25 ಪಿಚ್, 70 ಉದ್ದ, 8.8. ಬೇಕಾದವರು ಹಳೆಯ ಬೋಲ್ಟು ತಂದು ಹಲ್ಲು ಕೂಡಿಸಿ ನೋಡಿಯೇ ಒಯ್ಯಿರಿ, ದುಡ್ಡು ಬೇಡ.

ಹಾಗೇ ನನಗೂ ಒಂದು ಬೇಕಾಗಿದೆ. ಇಡೀ ಗಾಡಿ ಮೆಟ್ರಿಕ್ ಇದ್ದರೂ ಸೀಟ್‌ಬೆಲ್ಟಿನ ಬೋಲ್ಟು ಮಾತ್ರ ಇಂಚಿನದು. 7/16 ಇಂಚು, ಇಂಚಿಗೆ 20 ಥ್ರೆಡ್ಡು, ಯುಎನ್‌ಎಫ್ ಅಂದರೆ ಇಂಚಿನ ಲೆಕ್ಕದ ಸಣ್ಣ ಹಲ್ಲಿನದು. ಚಾಸಿಗೆ ವೆಲ್ಡ್ ಮಾಡಲು ಅದರ ನಟ್ಟು ನಾಲ್ಕು ಬೇಕು. 11 ಎಂಎಂನದು ಬೇಡ, ಅದು ಕೂಡುವುದಿಲ್ಲ. ಯಾರ ಹತ್ತಿರವಾದರೂ ಇದ್ದರೆ ಹೇಳಿ, ಬರುವ ಶನಿವಾರ ನಾನೇ ಬಂದು ಒಯ್ಯುತ್ತೇನೆ.