ಎರಡು ಭಾಷೆಯಿಂದ ಮಗುವಿನ ಮಾತು ತಡವಾಗುವುದಿಲ್ಲ

"ಮನೆಯಲ್ಲಿ ತೆಲುಗು, ಕನ್ನಡ ಎರಡೂ ಆಡಿದರೆ ಮಗುವಿಗೆ ಮಾತು ತಡ, 3 ವರ್ಷದವರೆಗೆ ಒಂದೇ ಭಾಷೆ ಆಡಿ" ಎಂಬ ಸಂದೇಶ ಮುಳಬಾಗಿಲು, ಶ್ರೀನಿವಾಸಪುರ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಎರಡು ಭಾಷೆ ಕೇಳಿ ಬೆಳೆಯುವ ಮಕ್ಕಳೂ ಹೆಚ್ಚುಕಮ್ಮಿ ಒಂದು ವರ್ಷದ ಹೊತ್ತಿಗೇ ಮೊದಲ ಪದ ಆಡುತ್ತಾರೆ ಎಂದು ಇಂಥ ಮಕ್ಕಳ ಅಧ್ಯಯನಗಳು ತೋರಿಸಿವೆ. ಕನ್ನಡದ ಪದಗಳನ್ನಷ್ಟೇ ಎಣಿಸಿದರೆ ಕಡಿಮೆ ಕಾಣಬಹುದು. ಎರಡನ್ನೂ ಕೂಡಿಸಿ ಎಣಿಸಬೇಕು. "ಅಮ್ಮಾ, ನೀಳ್ಳು ಬೇಕು" ಎಂದು ನೀರಿಗೆ ತೆಲುಗು ಪದ ಬೆರೆಸಿದರೆ ಮಗುವಿಗೆ ಗೊಂದಲವಾಗಿಲ್ಲ, ಬಾಯಿಗೆ ಬಂದ ಪದ ಬಳಸಿದೆ ಅಷ್ಟೇ. ಆ ಸಂದೇಶ ನಂಬಿ ಅಜ್ಜಿಯ ತೆಲುಗು ಮಾತನ್ನೇ ನಿಲ್ಲಿಸುವುದು ನಿಜಕ್ಕೂ ನಷ್ಟ. ಮಗು ಮಾತು ಕಲಿಯುವುದೇ ಎದುರು ಕೂತು ಮಾತಾಡಿಸುವವರಿಂದ.

ಒಂದೂವರೆ ವರ್ಷವಾದರೂ ಯಾವ ಭಾಷೆಯಲ್ಲೂ ಒಂದು ಪದವೂ ಬಾರದಿದ್ದರೆ ವೈದ್ಯರಿಗೆ ತೋರಿಸಿ, ಕಿವಿ ಪರೀಕ್ಷೆ ಮಾಡಿಸಿ. ಆ ಸಂದೇಶವನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ.