ಸೆಬುವಿನಲ್ಲಿ ಭಾವನ ಆಡಿಟ್

ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿ ನಿವೃತ್ತರಾದವರ ಜೊತೆ ಪ್ರವಾಸ ಹೋಗಬಾರದು. ಅವರಿಗೆ ಊರು ಕಾಣುವುದಿಲ್ಲ, ಲೆಕ್ಕ ಕಾಣುತ್ತದೆ.

ಅಕ್ಕನ ಮಗ ಫಿಲಿಪ್ಪೀನ್ಸ್‌ನ ಸೆಬುವಿನಲ್ಲಿ ಡಾಕ್ಟರ್ ಓದುತ್ತಿದ್ದಾನೆ. ನಮ್ಮ ಕಡೆಯ ಹುಡುಗರು ಅಲ್ಲಿ ಸಾಕಷ್ಟಿದ್ದಾರೆ. ಅವನನ್ನು ನೋಡಲು ಅಕ್ಕ-ಭಾವ ಹೊರಟಾಗ, ಲಗೇಜ್ ಹೊರಲು ಒಬ್ಬರು ಬೇಕಲ್ವಾ, ನನ್ನನ್ನೂ ಕರೆದುಕೊಂಡು ಹೋದರು. ಲಗೇಜ್ ಅಂದರೆ ಮುಖ್ಯವಾಗಿ ಚಟ್ನಿಪುಡಿ.

ಊರೊಳಗೆ ಓಡಾಡಲು ಜೀಪ್ನಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದವರು ಬಿಟ್ಟುಹೋದ ಜೀಪುಗಳನ್ನು ಉದ್ದ ಮಾಡಿ ಶುರುವಾದ ಗಾಡಿ ಇದು. ಹಿಂದಿನಿಂದ ಹತ್ತಬೇಕು. ಎದುರುಬದುರು ಎರಡು ಉದ್ದ ಬೆಂಚು, ಮೊಣಕಾಲಿಗೆ ಮೊಣಕಾಲು. ನಾವು ಹತ್ತಿದ್ದರಲ್ಲಿ ಕಂಡಕ್ಟರ್ ಇರಲಿಲ್ಲ. ದುಡ್ಡನ್ನು ಪಕ್ಕದವರಿಗೆ ಕೊಟ್ಟರೆ ಕೈಯಿಂದ ಕೈಗೆ ದಾಟಿ ಡ್ರೈವರ್‌ಗೆ ಮುಟ್ಟುತ್ತದೆ. ಚಿಲ್ಲರೆಯೂ ಅದೇ ದಾರಿಯಲ್ಲಿ ವಾಪಸ್.

ಭಾವ ಗಾಳಿ ಬರುತ್ತದೆ ಅಂತ ಡ್ರೈವರ್‌ನ ಬೆನ್ನಿಗೇ ಕೂತರು. ಅಷ್ಟೇ, ಅವರ ನಿವೃತ್ತಿ ರದ್ದಾಯಿತು. ಬಂದ ನೋಟನ್ನು ಬೆಳಕಿಗೆ ಹಿಡಿದು ನೋಡುವುದು, ನಾಣ್ಯ ಎಣಿಸುವುದು, "ಇದು ಯಾರದ್ದು?" ಎಂದು ಕನ್ನಡದಲ್ಲೇ ಕೇಳುವುದು. ಡ್ರೈವರ್ ಪಾಪ, ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಇನ್ನೊಂದು ಕೈ ಹಿಂದಕ್ಕೆ ಚಾಚಿಕೊಂಡು ಕಾಯುತ್ತಿದ್ದಾನೆ. ಲೆಕ್ಕ ತಾಳೆಯಾಗದೆ ಭಾವ ಬಿಡುವುದಿಲ್ಲ. ಯೂನಿಫಾರ್ಮಿನ ಹುಡುಗಿಯೊಬ್ಬಳಿಗೆ ಚಿಲ್ಲರೆ ಕಡಿಮೆ ಬಂತೆಂದು ಅವಳ ಪರವಾಗಿ ಡ್ರೈವರ್‌ನ ಭುಜವನ್ನೂ ತಟ್ಟಿದರು. ಅವಳು ಗೆಳತಿಯ ದುಡ್ಡನ್ನೂ ಸೇರಿಸಿ ಕೊಟ್ಟಿದ್ದಳಂತೆ.

ಇಳಿಯುವ ಜಾಗ ಬಂತು. ಅಳಿಯ "ಲುಗಾರ್ ಲಂಗ್!" ಎಂದು ಕೂಗಿದ, ಗಾಡಿ ನಿಂತಿತು, ಭಾವ ಏಳಲಿಲ್ಲ. ಕೈಯಲ್ಲಿ ಯಾರದ್ದೋ 20 ಪೆಸೊ ಬಾಕಿ ಇತ್ತು. ಅದರ ವಾರಸುದಾರ ಸಿಗುವಷ್ಟರಲ್ಲಿ ಗಾಡಿ ಮತ್ತೆ ಹೊರಟು, ಬಿಸಿಲಲ್ಲಿ ಅಷ್ಟು ದೂರ ವಾಪಸ್ ನಡೆದೆವು. ನಡೆದದ್ದು ಕೊಲೊನ್ ಬೀದಿಯಲ್ಲಿ. ಆ ದೇಶದ ಅತಿ ಹಳೆಯ ಬೀದಿ ಅನ್ನುತ್ತಾರೆ. ಹೆಸರು ಮಾತ್ರ ಕೊಲಂಬಸ್‌ನದ್ದು. ಪುಣ್ಯಾತ್ಮ ಈ ಕಡೆ ತಲೆ ಹಾಕಿಯೂ ಮಲಗಿದವನಲ್ಲ.

ಸ್ಪೇನಿನ ಪರವಾಗಿ ಹಡಗಿನಲ್ಲಿ ಬಂದ ನಾವಿಕ ಮೆಗೆಲನ್‌ನ ಶಿಲುಬೆ ಇರುವುದು ಒಂದು ಪುಟ್ಟ ಮಂಟಪದೊಳಗೆ. 1521ರಲ್ಲಿ ಅವನು ಬಂದಾಗಲೇ ಇಲ್ಲಿನ ರಾಜ ಹುಮಬೊನ್ ಮತ್ತು ರಾಣಿ ಕ್ರೈಸ್ತರಾದದ್ದು. ಶಿಲುಬೆಗೆ ಶಕ್ತಿ ಇದೆ ಎಂದು ಜನ ಚಕ್ಕೆ ಚಕ್ಕೆಯಾಗಿ ಕಿತ್ತುಕೊಂಡು ಹೋಗತೊಡಗಿದರಂತೆ. ಹಾಗಾಗಿ ಅದಕ್ಕೆ ತಿಂದಾಲೊ ಮರದ ಕವಚ ಹೊದಿಸಿದ್ದಾರೆ. ನಮಗೆ ಕಾಣುವುದು ಕವಚ, ಅಸಲು ಒಳಗೆ.

"ಒಳಗೆ ಇದೆ ಅಂತ ವೆರಿಫೈ ಮಾಡಿದವರು ಯಾರು?" ಎಂದರು ಭಾವ.

"ರೀ, ಇದು ಲಾಕರ್ ಅಲ್ಲ," ಎಂದಳು ಅಕ್ಕ.

ಹೊರಗೆ ಮೇಣದಬತ್ತಿ ಮಾರುವ ಹೆಂಗಸರಿದ್ದಾರೆ. ಸುಮ್ನೆ ಮಾರುವುದಿಲ್ಲ. ನಿಮ್ಮ ಹೆಸರು, ಕಷ್ಟ ಕೇಳಿ, ಬತ್ತಿ ಹಿಡಿದು ಕುಣಿಯುತ್ತಾ ನಿಮ್ಮ ಪರವಾಗಿ ಬೇಡಿಕೊಳ್ಳುತ್ತಾರೆ. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಜನವರಿಯ ಸಿನುಲೊಗ್ ಹಬ್ಬದ ಕುಣಿತದ್ದೂ ಇದೇ ಹೆಜ್ಜೆ. ಅಳಿಯನ ಪರೀಕ್ಷೆಗಳ ಗತಿಯೂ ಹೆಚ್ಚುಕಮ್ಮಿ ಅದೇ. ಅಕ್ಕ ಅವನ ಪೂರ್ತಿ ಹೆಸರು ಹೇಳಿದಳು, ಊರು ಮನೆತನ ಎಲ್ಲ ಸೇರಿಸಿ. ಆ ಅಜ್ಜಿ ಅರ್ಧದವರೆಗೆ ಧೈರ್ಯವಾಗಿ ಹೋಗಿ, ಅಲ್ಲಿ ತಡವರಿಸಿ, ಮತ್ತೆ ಮೊದಲಿನಿಂದ ಶುರು ಮಾಡಿ, ಕೊನೆಗೆ "ಯುವರ್ ಸನ್" ಎಂದು ಮುಗಿಸಿದರು. ದೇವರಿಗೆ ವಿಳಾಸ ಸರಿಯಾಗಿ ಮುಟ್ಟಿತೋ ಇಲ್ಲವೋ ಎಂದು ಅಕ್ಕನಿಗೆ ಇವತ್ತಿಗೂ ಅನುಮಾನ.

ಪಕ್ಕದಲ್ಲೇ ಸಾಂತೊ ನಿನ್ಯೊ ಬೆಸಿಲಿಕಾ. ಮೆಗೆಲನ್ ರಾಣಿಗೆ ಕೊಟ್ಟ ಬಾಲಯೇಸುವಿನ ಮೂರ್ತಿ 1565ರಲ್ಲಿ ಸುಟ್ಟ ಮನೆಯೊಂದರಲ್ಲಿ ಸ್ಪೇನಿನ ಸೈನಿಕರಿಗೆ ಸಿಕ್ಕಿತಂತೆ. 2013ರ ಭೂಕಂಪದಲ್ಲಿ ಕುಸಿದ ಗಂಟೆಗೋಪುರವನ್ನು ಮತ್ತೆ ಕಟ್ಟಿದ್ದಾರೆ. ಭಾವ ಬರ್ಮುಡಾದಲ್ಲಿದ್ದರು. ದೇವರ ಮನೆಗೆ ಹೀಗೆ ಬರ್ತಾರಾ ಎಂದು ಅಕ್ಕ ತನ್ನ ದುಪಟ್ಟಾ ಬಿಚ್ಚಿ ಪಂಚೆಯ ಹಾಗೆ ಸುತ್ತಿಸಿದಳು. ಗುಲಾಬಿ ಬಣ್ಣ, ಅಂಚಿಗೆ ಗೆಜ್ಜೆ. ಸಾಲಿನಲ್ಲಿ ಭಾವ ಒಂದೊಂದು ಹೆಜ್ಜೆ ಇಟ್ಟಾಗಲೂ ಘಲ್ ಘಲ್. ಮುಂದಿನವರು ತಿರುಗಿ ತಿರುಗಿ ನೋಡಿ ದಾರಿ ಬಿಟ್ಟರು. ನಮಗೆ ದರ್ಶನ ಬೇಗ ಆಯಿತು.

ಸ್ಯಾನ್ ಪೆಡ್ರೊ ಕೋಟೆ ತ್ರಿಕೋನಾಕಾರ. ಎರಡು ಬದಿ ಸಮುದ್ರದ ಕಡೆಗೆ, ಒಂದು ನೆಲದ ಕಡೆಗೆ. ಒಟ್ಟು ಅರ್ಧ ಎಕರೆ ಆದೀತು. ಅಷ್ಟರಲ್ಲೇ ನಾವು ಕಳೆದುಹೋದೆವು. "ಮೂಲೆಯಲ್ಲಿ ಸಿಗೋಣ" ಎಂದು ಹೇಳಿ ಹೋಗಿದ್ದರು ಭಾವ. ಇರುವುದೇ ಮೂರು ಮೂಲೆ, ಒಂದೊಂದರಲ್ಲಿ ಒಬ್ಬೊಬ್ಬರು ನಿಂತು ಉಳಿದವರಿಗೆ ಬೈಯುತ್ತಿದ್ದೆವು. ಅಳಿಯ ಮಾತ್ರ ಹೊರಗೆ ನೆರಳಲ್ಲಿ ಕೂತು ಮೊಬೈಲ್ ನೋಡುತ್ತಿದ್ದ.

ಊಟ? ಹಂದಿ, ಮೀನಿನ ನಡುವೆ ನಮ್ಮನ್ನು ಕಾಪಾಡಿದ್ದು ಪೂಸೊ. ತೆಂಗಿನ ಗರಿ ಹೆಣೆದು, ಒಳಗೆ ಅಕ್ಕಿ ತುಂಬಿ ಬೇಯಿಸಿದ್ದು, ಥೇಟ್ ಮಂಗಳೂರು ಕಡೆಯ ಮೂಡೆಯ ತಮ್ಮ. ಅಂಗಡಿಯಲ್ಲಿ ಗೊಂಚಲು ಗೊಂಚಲು ನೇತು ಹಾಕಿರುತ್ತಾರೆ. ಸೀಳಿ, ಚಟ್ನಿಪುಡಿ ಹಾಕಿ ತಿಂದೆವು. ಅಂಗಡಿಯಾಕೆ ಒಂದು ಚಿಟಿಕೆ ನೆಕ್ಕಿ ನೋಡಿ ಎರಡು ಲೋಟ ನೀರು ಕುಡಿದರು.

ಕೊನೆಗೆ ಸೇತುವೆ ದಾಟಿ ಮಕ್ತಾನ್ ದ್ವೀಪ. 1521ರ ಏಪ್ರಿಲ್ 27ರಂದು ಇಲ್ಲಿನ ನಾಯಕ ಲಾಪು-ಲಾಪುವಿನ ಕಡೆಯವರು ಮೆಗೆಲನ್‌ನನ್ನು ಕೊಂದದ್ದು ಇಲ್ಲೇ. ಒಂದೇ ಆವರಣದಲ್ಲಿ ಗೆದ್ದವನ ಕಂಚಿನ ಪ್ರತಿಮೆಯೂ ಇದೆ, ಸತ್ತವನಿಗೆ 1866ರಲ್ಲಿ ಕಟ್ಟಿದ ಸ್ಮಾರಕವೂ ಇದೆ. "ಜಮಾ-ಖರ್ಚು ಎರಡೂ ಒಂದೇ ಪುಟದಲ್ಲಿ!" ಎಂದು ಭಾವ ಆ ದಿನ ಮೊದಲ ಸಲ ಖುಷಿಯಾದರು.

ಆ ಖುಷಿಯಲ್ಲೇ ಗಿಟಾರ್ ಅಂಗಡಿಗೆ ನುಗ್ಗಿದರು. ಮಕ್ತಾನ್ ಗಿಟಾರಿಗೆ ಹೆಸರುವಾಸಿ. ಕೊಳ್ಳುವ ಉದ್ದೇಶ ಖಂಡಿತ ಇರಲಿಲ್ಲ, ನಮ್ಮ ಮನೆಯಲ್ಲಿ ಯಾರಿಗೂ ಸೀಟಿ ಹೊಡೆಯಲೂ ಬರುವುದಿಲ್ಲ. ಬಾಯಿ ಚಪಲಕ್ಕೆ ಹೇಳಿದ ಬೆಲೆಯ ಅರ್ಧಕ್ಕೆ ಕೇಳಿದರು. ಅಂಗಡಿಯವನು "ಓಕೆ ಸರ್" ಎಂದು ಆಗಲೇ ಪ್ಯಾಕ್ ಮಾಡತೊಡಗಿದ.

ವಿಮಾನ ಹತ್ತುವವರೆಗೂ ಭಾವನ ಮುಖ ಗಂಟು. ಗಿಟಾರ್ ಕೊಂಡದ್ದಕ್ಕಲ್ಲ. ಅಷ್ಟು ಬೇಗ ಒಪ್ಪಿದ ಅಂದರೆ ಕಾಲು ಭಾಗಕ್ಕೆ ಕೇಳಬಹುದಿತ್ತಲ್ಲ ಅಂತ.