ಎಂಟಿಂಚಿನ ಆಲಿಕೆ, ಐದಿಂಚಿನ ಜಾಡಿ

ಸಕಲೇಶಪುರದಿಂದ ಮೂಡಿಗೆರೆಗೆ ಹೋಗುವ ದಾರಿಯಲ್ಲಿ, ಹಾನುಬಾಳಿನಿಂದ ಸ್ವಲ್ಪ ಒಳಗಿರುವ ನಮ್ಮೂರಿನಲ್ಲಿ ಶರದೃತುವಿನ ತಿಳಿಯಾದ ಆಕಾಶವನ್ನು ಪಂಚಾಂಗದಲ್ಲಷ್ಟೇ ನೋಡಬಹುದು. ಇತ್ತ ಭತ್ತ ಹೊಡೆ ಬಿಚ್ಚುತ್ತಿರುತ್ತದೆ, ಅತ್ತ ಚಿತ್ತಾ ಮಳೆ ತನ್ನ ಚಿತ್ತಕ್ಕೆ ಬಂದಂತೆ ಹೊಯ್ಯುತ್ತಿರುತ್ತದೆ. ಆನೆ ಯಾರ ಗದ್ದೆಗೆ ಇಳಿಯಿತು ಎಂಬ ಸುದ್ದಿಯೂ, ಆಶ್ವಯುಜ ಹುಣ್ಣಿಮೆಯ ನಂತರದ ಗುರುವಾರ ತೆರೆಯುವ ಹಾಸನಾಂಬೆಯ ದರ್ಶನಕ್ಕೆ ಯಾರ ಕಾರಿನಲ್ಲಿ ಜಾಗವಿದೆ ಎಂಬ ವಿಚಾರಣೆಯೂ ಬೆಳಗಿನ ಮುಖ್ಯ ಸುದ್ದಿ ಮುಗಿದ ಮೇಲೆಯೇ ಬರಬೇಕು. ಆ ಮುಖ್ಯ ಸುದ್ದಿ ಒಂದೇ ಪ್ರಶ್ನೆಯ ರೂಪದಲ್ಲಿರುತ್ತದೆ: "ರಾತ್ರಿ ಎಷ್ಟು ಬಂತು?"

ಇದಕ್ಕೆ "ಜೋರು ಬಂತು" ಎಂದು ಉತ್ತರಿಸುವವನು ತೋಟದವನೇ ಅಲ್ಲ. ರೇಡಿಯೊದವರು ಮಿಲಿಮೀಟರಿನಲ್ಲಿ ಏನು ಬೇಕಾದರೂ ಹೇಳಿಕೊಳ್ಳಲಿ, ನಮ್ಮಲ್ಲಿ ಮಳೆಯನ್ನು ಇಂಚು ಸೆಂಟುಗಳಲ್ಲಿ, ನೂರು ಸೆಂಟಿಗೆ ಒಂದು ಇಂಚಿನಂತೆ ಹೇಳಬೇಕು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ, ನಿವೃತ್ತನಾಗಿ, ಒಂದೂವರೆ ಎಕರೆ ಕಾಫಿಯ ಒಡೆಯನಾದ ನಾನು ಈ ಸಭೆಯಲ್ಲಿ ಸ್ಥಾನ ಪಡೆಯಲೆಂದೇ ಎಂಟು ಇಂಚಿನ ಆಲಿಕೆಯುಳ್ಳ ಮಳೆಮಾಪಕವನ್ನು ಅಂಗಳದಲ್ಲಿ ನೆಟ್ಟಿದ್ದೆ. ನವರಾತ್ರಿಯ ಆಯುಧಪೂಜೆಯಂದು ಅದರ ಗಾಜಿನ ಅಳತೆಜಾಡಿಗೂ ಕುಂಕುಮವಿಟ್ಟು ಕತ್ತಿ ಗುದ್ದಲಿಗಳ ಪಕ್ಕದಲ್ಲಿ ಕೂರಿಸಿದ್ದೆವು. ಮಂಗಳಾರತಿ ಮುಗಿಯುವುದರೊಳಗೆ ಬೆಕ್ಕು ಅದನ್ನು ಉರುಳಿಸಿತು. ಪಕ್ಕದ ತೋಟದ ಹಿರಿಯರು ಉದಾರವಾಗಿ ತಮ್ಮ ಜಾಡಿಯನ್ನೇ ಕೊಟ್ಟು ಕಳುಹಿಸಿದರು.

ಅಂದಿನಿಂದ ನಮ್ಮ ಅಂಗಳದ ಮೇಲೆ ವರುಣನಿಗೆ ವಿಶೇಷ ಪ್ರೀತಿ ಹುಟ್ಟಿತು. ಒಂದು ಬೆಳಗ್ಗೆ ನಾನು ಜಾಡಿಯನ್ನು ಎರಡೆರಡು ಬಾರಿ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ದನಿ ನಡುಗದಂತೆ ಎಚ್ಚರ ವಹಿಸಿ, "ಮೂರು ಇಂಚು ಇಪ್ಪತ್ತು ಸೆಂಟು" ಎಂದು ಘೋಷಿಸಿದೆ. ಹಿರಿಯರನ್ನು ವಿಚಾರಿಸಿದಾಗ ಅವರು "ನಮ್ಮಲ್ಲಿ ಮೂರು ಮೂವತ್ತು" ಎಂದರು. ದಿನವೂ ಅವರದು ನನ್ನದಕ್ಕಿಂತ ಹತ್ತು ಸೆಂಟು ಹೆಚ್ಚೇ ಇರುತ್ತಿದ್ದುದರಿಂದ ನನಗೆ ಕೊಂಚ ಅಸೂಯೆಯಾಗುತ್ತಿತ್ತೇ ಹೊರತು ಅನುಮಾನವಾಗುತ್ತಿರಲಿಲ್ಲ. ಮಧ್ಯಾಹ್ನದೊಳಗೆ ಸುದ್ದಿ ಊರು ದಾಟಿತು. ಒಬ್ಬರು ಅಡಿಕೆ ಕೊಯ್ಲನ್ನು ಮುಂದೂಡಿದರು; ಇನ್ನೊಬ್ಬರು ಕಾಫಿ ಕಾಯಿ ಉದುರಿರಬೇಕೆಂದು ಹೆದರಿ ತೋಟವನ್ನೆಲ್ಲ ಸುತ್ತಿ, ಉದುರದೇ ಇದ್ದುದಕ್ಕೆ ತಮ್ಮ ಗೊಬ್ಬರವನ್ನು ಹೊಗಳಿಕೊಂಡರು. ಹಾಸನಾಂಬೆಯ ದರ್ಶನದ ಸರದಿಯಲ್ಲಿ ನಿಂತಿದ್ದ ನನ್ನ ತಂಗಿಗೆ ಆ ಸುದ್ದಿ ತಲುಪುವ ಹೊತ್ತಿಗೆ ನಮ್ಮ ಮನೆಯ ಹಿಂದಿನ ಗುಡ್ಡವೇ ಜಾರಿತ್ತು. ಅವಳು ಅಲ್ಲಿಂದಲೇ ಅಳುತ್ತಾ ಫೋನು ಮಾಡಿದಾಗ ನಾನು ಜಗಲಿಯಲ್ಲಿ ಬಿಸಿಲು ಕಾಯಿಸುತ್ತಾ ಕಡುಬು ತಿನ್ನುತ್ತಿದ್ದೆ.

ಗುಟ್ಟು ರಟ್ಟಾದದ್ದು ದೀಪಾವಳಿಯ ರಜೆಗೆ ಬಂದ ಮೊಮ್ಮಗನಿಂದ. ವೃತ್ತದ ವಿಸ್ತೀರ್ಣದ ಲೆಕ್ಕ ಮಾಡೆಂದು ನಾನೇ ಅವನನ್ನು ಕೂರಿಸಿದ್ದೆ. ಹುಡುಗ ಪುಸ್ತಕವನ್ನು ಬಿಟ್ಟು ಜಾಡಿಯನ್ನು ತಿರುಗಿಸಿ ನೋಡುತ್ತಾ, "ಅಜ್ಜ, ಇದರ ಮೇಲೆ ಐದು ಇಂಚಿನ ಆಲಿಕೆಗೆ ಎಂದು ಬರೆದಿದೆ, ನಮ್ಮದು ಎಂಟಲ್ಲವೇ?" ಎಂದ. ಎಂಟರ ವರ್ಗ ಅರವತ್ತನಾಲ್ಕು, ಐದರ ವರ್ಗ ಇಪ್ಪತ್ತೈದು. ಭಾಗಿಸಿದರೆ 2.56. ಬಂದ ಒಂದು ಇಂಚು ಇಪ್ಪತ್ತೈದು ಸೆಂಟು ಮಳೆಯನ್ನು ನಾನು ಮೂರು ಇಪ್ಪತ್ತು ಮಾಡಿ ಊರಿಗೆ ಹಂಚಿದ್ದೆ. ಇದೇ ಲೆಕ್ಕದಲ್ಲಿ ತಪ್ಪಿದ ಎಷ್ಟು ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆನೋ, ಅವರಲ್ಲಿ ಕೆಲವರು ಈಗ ಇದೇ ಊರಿನ ತೋಟಗಾರರು.

ಹಾಗಿದ್ದರೂ ಒಂದು ಅಂಶ ಬಗೆಹರಿಯಲಿಲ್ಲ. ನನ್ನ ಲೆಕ್ಕ ತಪ್ಪಾಗಿದ್ದರೆ ಹಿರಿಯರ ಲೆಕ್ಕ ಅದಕ್ಕೆ ಸರಿಯಾಗಿ ಹತ್ತೇ ಸೆಂಟು ಮೇಲಿದ್ದುದು ಹೇಗೆ? ಜಾಡಿಯನ್ನು ತೊಳೆದು, ಒಂದು ತಟ್ಟೆ ಹೋಳಿಗೆಯೊಂದಿಗೆ ಹಿಂದಿರುಗಿಸಲು ಹೋದಾಗ ಸಂಕೋಚದಿಂದಲೇ ಕೇಳಿದೆ.

"ಜಾಡಿ ನಿಮ್ಮ ಹತ್ತಿರ ಇರುವಾಗ ನಾನು ಯಾವುದರಲ್ಲಿ ಅಳೆಯಲಿ, ಮೇಷ್ಟ್ರೇ?" ಎಂದು ಅವರು ಹೋಳಿಗೆಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. "ನೀವು ಹೇಳಿದ್ದಕ್ಕೆ ಹತ್ತು ಸೇರಿಸಿ ಹೇಳುತ್ತಿದ್ದೆ. ನಮ್ಮ ತೋಟ ಸ್ವಲ್ಪ ಎತ್ತರದಲ್ಲಿದೆಯಲ್ಲ."